ಉಂಡೆದ್ದು ಹೋಗುವ ನ್ಯಾಯ

ಹೋಟೆಲಿನಲ್ಲಿ ಕುಳಿತು ಉಂಡು, ಸಪ್ಲೈಯರು ತಡಮಾಡಿದನೆಂದೋ, ಸಾರು ಆರಿಹೋಗಿತ್ತೆಂದೋ, ಮತ್ತೆ ಮತ್ತೆ ಕರೆದರೂ ನೀರು ಬರಲಿಲ್ಲವೆಂದೋ ಮುನಿದು, ಬಿಲ್ಲಿನ ಹಣವನ್ನು ತೆರದೆ ಎದ್ದು ಹೊರಟುಬಂದ ಸಂಗತಿಯನ್ನು ನಮ್ಮ ವಿದ್ಯಾವಂತರು ಗೆಳೆಯರ ಕೂಟಗಳಲ್ಲಿ ಹೇಳಿಕೊಳ್ಳುವಾಗ, ಆ ಮಾತಿನಲ್ಲಿ ತಪ್ಪೊಪ್ಪಿಗೆಯ ಸಂಕೋಚಕ್ಕೆ ಬದಲಾಗಿ ವೀರಚರಿತೆಯ ಧಾಟಿಯೇ ಕೇಳಿಬರುತ್ತದೆ. ಕೇಳಿದವರು ಭಲೆ ಎನ್ನುತ್ತಾರೆ. ಇನ್ನು ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ, ಇದು ಗ್ರಾಹಕನ ಸ್ವಾಭಿಮಾನದ ಶ್ರೇಷ್ಠ ಅಭಿವ್ಯಕ್ತಿಯೆಂದೂ, ಕೆಟ್ಟ ಸೇವೆಗೆ ಸಲ್ಲಬೇಕಾದ ಮಾತಿಲ್ಲದ ವಿಮರ್ಶೆಯೆಂದೂ ಪ್ರತಿಪಾದಿಸುತ್ತಾರೆ. ಒಂದು ಕ್ರಿಯೆ ವಿಮರ್ಶೆಯೆಂಬ ಪದವಿಯನ್ನು ಬಯಸಿದ ಮೇಲೆ ಅದನ್ನು ವಿಮರ್ಶೆಯ ಮಾನದಂಡದಿಂದಲೇ ಅಳೆಯುವುದು ಯುಕ್ತ. ಹಾಗೆ ಅಳೆದಾಗ, ಈ ಎದ್ದುಹೋಗುವಿಕೆಗೆ ದೊರೆತಿರುವ ಕೀರ್ತಿ ಅದರ ಯೋಗ್ಯತೆಯನ್ನು ಬಹಳವಾಗಿ ಮೀರಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕಿಂತ ಎಷ್ಟೋ ಕಠಿನವೂ ಎಷ್ಟೋ ಸತ್ಯವೂ ಆದ ಇನ್ನೊಂದು ಆಚರಣೆ, ಎಂದರೆ ಕುಳಿತಲ್ಲಿಯೇ ಕುಳಿತು ಹಣವನ್ನು ಬಹಿರಂಗವಾಗಿ ನಿರಾಕರಿಸುವುದು, ಅನ್ಯಾಯವಾಗಿ ಉಪೇಕ್ಷೆಗೆ ಒಳಗಾಗಿದೆ.

ಉಡುಪಿಯ ಹೋಟೆಲುಗಳು ಊರೂರಿಗೆ ಹಬ್ಬಿದ ಚರಿತ್ರೆಯನ್ನೂ, ಮಾಣಿ, ಭಟ್ಟರು, ಗಲ್ಲೆಯ ಮೇಲಣ ಯಜಮಾನರು ಎಂಬ ಆ ಪುಟ್ಟ ಸಂಸ್ಥಾನದ ರಚನೆಯನ್ನೂ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಅಲ್ಲಿ ಮೊದಲು ಊಟ, ಆಮೇಲೆ ಹಣ ಎಂಬ ಕ್ರಮವಿತ್ತೆಂಬ ಒಂದು ಅಂಶವನ್ನು ಮಾತ್ರ ನೆನಪಿನಲ್ಲಿಡೋಣ. ಹಣವಿಲ್ಲದೆ ತಿಂದು ಸಿಕ್ಕಿಬಿದ್ದವನನ್ನು ಹಿತ್ತಲ ಅಡುಗೆಮನೆಗೆ ಕಳುಹಿಸಿ ದೋಸೆಯ ಹಿಟ್ಟನ್ನು ರುಬ್ಬಿಸುತ್ತಿದ್ದರೆಂಬ ಮಾತು ನಮ್ಮ ಜನದ ಬಾಯಲ್ಲೂ ಹಳೆಯ ಚಲನಚಿತ್ರಗಳಲ್ಲೂ ಉಳಿದುಬಂದಿದೆ. ಅದು ಎಷ್ಟರಮಟ್ಟಿಗೆ ನಡೆದದ್ದೆಂಬುದು ಬೇರೆಯ ಪ್ರಶ್ನೆ; ಉಂಡವನು ಋಣಿ, ಋಣವನ್ನು ಹಣದಿಂದಲ್ಲದಿದ್ದರೆ ರಟ್ಟೆಯಿಂದಲಾದರೂ ತೀರಿಸಿಯೇ ಹೊಸಲು ದಾಟಬೇಕು ಎಂಬ ಲೋಕಸಮ್ಮತವಾದ ನ್ಯಾಯಪ್ರಜ್ಞೆ ಅದರಲ್ಲಿ ಮೂರ್ತಿವೆತ್ತಿದೆ.

ಈಗ ವಿಷಯದ ತಿರುಳಿಗೆ ಬರೋಣ. ಎದ್ದುಹೋಗುವ ಈ ಕ್ರಿಯೆಯ ಸ್ವರೂಪವನ್ನು ನಾನು ಬಲ್ಲಂತೆ ಅತ್ಯಂತ ಸೂಕ್ಷ್ಮವಾಗಿ ಪರಿಶೀಲಿಸಿದ್ದು ಸಾಹಿತ್ಯವಲ್ಲ, ಒಂದು ನ್ಯಾಯಾಲಯ. ಇಂಗ್ಲೆಂಡಿನ ಲಿಂಕನ್‌ಷೈರ್ ಪ್ರಾಂತದ ಗೇನ್ಸ್‌ಬರೋ ಎಂಬ ಊರಿನ ಒಂದು ಚೀನೀ ಉಪಾಹಾರಗೃಹಕ್ಕೆ 1971ರ ಸೆಪ್ಟೆಂಬರಿನ ಕೊನೆಯ ದಿನ ಐವರು ತರುಣರು ಹೋದರು. ಅವರಲ್ಲೊಬ್ಬನ ಬಳಿ ಇದ್ದದ್ದು ಹತ್ತು ಪೆನ್ಸು ಮಾತ್ರ. ಆದರೆ ಜೊತೆಯವನೊಬ್ಬನು ಸಾಲ ಕೊಡಲು ಒಪ್ಪಿದ್ದುದರಿಂದ, ಊಟವನ್ನು ಹೇಳಿದಾಗ ಅವನ ಮನಸ್ಸಿನಲ್ಲಿ ವಂಚನೆಯಿರಲಿಲ್ಲ. ಊಟವಾಯಿತು, ಅದರ ವಿಷಯವಾಗಿ ಯಾರೂ ದೂರಲಿಲ್ಲ. ಆಮೇಲೆ ತಮ್ಮೊಳಗೆ ಮಾತಾಡಿಕೊಂಡು, ಹಣ ಕೊಡದೆ ಓಡಬೇಕೆಂದು ನಿಶ್ಚಯಿಸಿದರು. ನಿಶ್ಚಯಿಸಿದ ಕೂಡಲೆ ಓಡಲಿಲ್ಲ. ಸುಮಾರು ಹತ್ತು ನಿಮಿಷ ಹಾಗೆಯೇ ಕುಳಿತಿದ್ದು, ಬಡಿಸುವವನು ಕೋಣೆಯಿಂದ ಒಳಗೆ ಹೋದ ಕ್ಷಣವನ್ನು ನೋಡಿಕೊಂಡು ಓಡಿದರು.

ಈ ಹತ್ತು ನಿಮಿಷದ ಮೇಲೆಯೇ ಮೊಕದ್ದಮೆಯೆಲ್ಲ ನಿಂತಿತು. 1968ರ ಕಳವಿನ ಕಾಯಿದೆಯ ಪ್ರಕಾರ ವಂಚನೆಯಿಂದ ಋಣವನ್ನು ತಪ್ಪಿಸಿಕೊಂಡದ್ದಕ್ಕೆ ಶಿಕ್ಷೆಯಿತ್ತು; ಆದರೆ ಸುಮ್ಮನೆ ಕುಳಿತಿರುವುದು ವಂಚನೆಯಾದೀತೆ? ಕೆಳಗಿನ ಮ್ಯಾಜಿಸ್ಟ್ರೇಟರು ಆಗುತ್ತದೆ ಎಂದರು, ನಡುವಣ ನ್ಯಾಯಾಲಯ ಆಗದು ಎಂದಿತು; 1973ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ಐವರಲ್ಲಿ ಮೂವರು ಆಗುತ್ತದೆ ಎಂದೂ ಇಬ್ಬರು ಆಗದು ಎಂದೂ ತೀರ್ಮಾನಿಸಿ ಶಿಕ್ಷೆಯನ್ನು ಎತ್ತಿಹಿಡಿದರು. ಭಿನ್ನಮತದವರಲ್ಲಿ ಲಾರ್ಡ್ ರೀಡ್ ಎಂಬ ಹಿರಿಯ ನ್ಯಾಯಮೂರ್ತಿಯೇ ಇದ್ದರೆಂಬುದು ಪ್ರಶ್ನೆಯ ಬಿಗುವನ್ನು ತೋರಿಸುತ್ತದೆ: ಮನಸ್ಸು ಬದಲಾದ ಮೇಲೆ ಆ ತರುಣನು ಬಡಿಸುವವನನ್ನು ಮೋಸಗೊಳಿಸುವಂಥದು ಏನನ್ನೂ ಮಾಡಲಿಲ್ಲ, ಏನನ್ನೂ ಆಡಲಿಲ್ಲ, ಆದಕಾರಣ ವಂಚನೆಯಿಲ್ಲ ಎಂಬುದು ಅವರ ಪಕ್ಷದ ತಾತ್ಪರ್ಯ. ಬಹುಮತದವರ ವಾದವಾದರೋ, ಊಟವನ್ನು ಹೇಳಿದ ಗಳಿಗೆಯಿಂದ ಎದ್ದೇಳುವ ಗಳಿಗೆಯವರೆಗೆ ನಡೆಯುವುದೆಲ್ಲ ಒಂದೇ ವ್ಯವಹಾರ. ಆ ಕುರ್ಚಿಯಲ್ಲಿ ಕುಳಿತಿರುವಷ್ಟು ಹೊತ್ತೂ ಗಿರಾಕಿಯು ತಾನು ಪ್ರಾಮಾಣಿಕನೆಂಬ ಮಾತನ್ನು ಮೌನದಿಂದಲೇ ಆಡುತ್ತಿರುತ್ತಾನೆ. ಆ ಮಾತು ಸುಳ್ಳಾದ ಮೇಲೂ ಅದನ್ನು ನಿಲ್ಲಲು ಬಿಟ್ಟದ್ದರಿಂದಲೇ ಬಡಿಸುವವನು ನಿಶ್ಚಿಂತನಾಗಿ ಒಳಗೆ ಹೋದನು.

ಕಾನೂನಿನ ಸೂತ್ರವಾಗಿ ಇವೆರಡರಲ್ಲಿ ಯಾವುದು ಬಲವತ್ತರವೆಂಬುದನ್ನು ಕಾನೂನಿನವರು ನಿರ್ಣಯಿಸಲಿ. ಆ ಸಂಶಯವನ್ನು ಪರಿಹರಿಸುವುದಕ್ಕೆಂದೇ ಅಲ್ಲಿ 1978ರಲ್ಲಿ ಹೊಸ ಕಾಯಿದೆಯೊಂದನ್ನು ಮಾಡಿ, ಹಣ ತೆರದೆ ಹೊರಟುಹೋಗುವುದನ್ನೇ ಪ್ರತ್ಯೇಕ ಅಪರಾಧವೆಂದು ಎಣಿಸಿ, ಎರಡು ವರ್ಷದವರೆಗಿನ ಸೆರೆವಾಸವನ್ನು ವಿಧಿಸಿದರು. ಮನುಷ್ಯಸ್ವಭಾವದ ವರ್ಣನೆಯಾಗಿ ನೋಡಿದರೆ ಬಹುಮತದ ದರ್ಶನವೇ ಆಳವಾದದ್ದೆಂದು ನನಗೆ ತೋರುತ್ತದೆ. ಉಂಡು ಮುಗಿದ ಮೇಲೆ ಬಿಲ್ಲು ಬರುವವರೆಗಿನ ಆ ಅಂತರಾಳ ಬರಿಯ ಶೂನ್ಯವಲ್ಲ. ಎರಡು ಪಕ್ಷಗಳ ನಡುವಣ ವಿಶ್ವಾಸ ಅಲ್ಲಿ ಬತ್ತಲೆಯಾಗಿ ನಿಂತಿರುತ್ತದೆ. ಅನ್ನ ಹೊಟ್ಟೆಯಲ್ಲಿದೆ, ಹಣ ಜೇಬಿನಲ್ಲಿದೆ. ಅದನ್ನು ಇದರೊಡನೆ ಕೂಡಿಸುವುದು ಗಿರಾಕಿಯ ಮಾತೊಂದೇ. ಕೆಟ್ಟ ಸೇವೆಯಿಂದ ನೊಂದವನಿಗೆ ತನ್ನ ನೋವನ್ನು ಹೇಳಲು ಇದಕ್ಕಿಂತ ಉತ್ತಮವಾದ ಕಾಲವಿಲ್ಲ, ಏಕೆಂದರೆ ಹೇಳಿದರೆ ಕೇಳಲೇಬೇಕಾದ ಸ್ಥಿತಿ ಹೋಟೆಲಿನವನಿಗೆ ಆಗ ಒದಗಿರುತ್ತದೆ. ಆದರೆ ಎದ್ದುಹೋಗುವ ಪ್ರತಿಭಟನಕಾರನು ಆ ಹತ್ತು ನಿಮಿಷವನ್ನು ಹೇಗೆ ಕಳೆಯುತ್ತಾನೆ? ಸಪ್ಲೈಯರು ಎತ್ತ ತಿರುಗಿದನೆಂದು ನೋಡುತ್ತಾನೆ. ಗಲ್ಲೆಯಲ್ಲಿ ಯಾರಿದ್ದಾರೆಂದು ನೋಡುತ್ತಾನೆ. ತನ್ನ ಮಾತು ಯಾರಿಗೆ ತಲುಪಬೇಕೋ ಅವನ ಬೆನ್ನನ್ನೇ ಕಾಯುತ್ತಾನೆ.

ನಿಮ್ಮ ದೃಷ್ಟಾಂತ ಸಲ್ಲದು, ಗೇನ್ಸ್‌ಬರೋದ ತರುಣರಿಗೆ ದೂರೇ ಇರಲಿಲ್ಲ, ನಮ್ಮವರಿಗೆ ನ್ಯಾಯವಾದ ದೂರಿದೆ ಎಂದು ಎದುರುಪಕ್ಷದವರು ಹೇಳುವರು. ನಾನು ಆ ದೃಷ್ಟಾಂತವನ್ನು ಆರಿಸಿಕೊಂಡದ್ದು ಅದಕ್ಕಾಗಿಯೇ. ದೂರಿದ್ದವನ ನಿರ್ಗಮನಕ್ಕೂ ದೂರಿಲ್ಲದವನ ನಿರ್ಗಮನಕ್ಕೂ ಹೊರಗಿನಿಂದ ಎಳ್ಳಷ್ಟೂ ಭೇದ ಕಾಣದು. ಖಾಲಿ ಕುರ್ಚಿ, ಎಂಜಲ ತಟ್ಟೆ, ತೆರದ ಬಿಲ್ಲು: ಸಾರು ಆರಿತ್ತೆಂಬುದನ್ನು ಹೋಟೆಲಿನವನು ಇವುಗಳಲ್ಲಿ ಯಾವುದರಿಂದ ತಿಳಿಯಬೇಕು? ದೋಷ ಇಂತಲ್ಲಿದೆ, ಇಂಥದು ಎಂದು ತೋರಿಸದ ವಿಮರ್ಶೆ ವಿಮರ್ಶೆಯೇ ಅಲ್ಲ. ಕೃತಿಕಾರನಿಗೆ ತಲುಪದ, ಓದುಗನಿಗೆ ತಿಳಿಯದ, ತನ್ನ ಕರ್ತೃವಿನ ಮನಸ್ಸಿನೊಳಗೆ ಮಾತ್ರ ಅರ್ಥವನ್ನು ಪಡೆಯುವ ಕ್ರಿಯೆ ಅವನಿಗೆ ಸಮಾಧಾನವನ್ನು ಕೊಟ್ಟೀತು. ಸಾರು ನಾಳೆಯೂ ಆರಿಯೇ ಇರುತ್ತದೆ.

ಇನ್ನು ಈ ಆಚರಣೆಯನ್ನು ಸಮರ್ಥಿಸುವ ಪಂಡಿತರ ವಿಷಯ. ಸೇವೆ ಕೆಟ್ಟಿತು, ಆದಕಾರಣ ಒಪ್ಪಂದ ಮುರಿಯಿತು, ಆದಕಾರಣ ಹಣ ಸಲ್ಲದು ಎಂಬ ತರ್ಕವನ್ನು ಹೂಡುವವರು, ಉಂಡ ಅನ್ನವನ್ನು ಲೆಕ್ಕದಿಂದ ಹೊರಗಿಡುತ್ತಾರೆ. ಉಚಿತವೆಂದು ಕೊಡದ ವಸ್ತುವಿನ ಪ್ರಯೋಜನವನ್ನು ಪಡೆದವನು ಅದಕ್ಕೆ ಪ್ರತಿಫಲವನ್ನು ಸಲ್ಲಿಸತಕ್ಕದ್ದೆಂದು ನಮ್ಮ 1872ರ ಕರಾರು ಕಾಯಿದೆಯ 70ನೆಯ ಕಲಮು ಹೇಳುತ್ತದೆ. ಬಾಯಿಗಿಡಲಾಗದ ಪಲ್ಯವನ್ನು ಹಿಂದಕ್ಕೆ ಕಳುಹಿಸಿದವನು ಅದರ ಬೆಲೆಯನ್ನು ಕೊಡಲೊಲ್ಲೆನೆನ್ನುವುದು ಸರಿ. ತಟ್ಟೆಯನ್ನು ಬರಿದುಮಾಡಿದವನಿಗೆ ಬೆಲೆ ಕಡಿಮೆಯಾಗಬೇಕೆಂದು ಕೇಳುವ ಹಕ್ಕುಂಟು, ಬೆಲೆಯೇ ಇಲ್ಲವೆನ್ನುವ ಹಕ್ಕಿಲ್ಲ. ಉಪಚಾರಕ್ಕೆಂದು ಬಿಲ್ಲಿನಲ್ಲಿ ತಾನಾಗಿ ಸೇರಿಸುವ ಸರ್ವಿಸ್ ಚಾರ್ಜಿನ ವಿಷಯ ಬೇರೆ. ಅದನ್ನು ಬಲವಂತವಾಗಿ ವಸೂಲುಮಾಡಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ವಿಧಿಸಿತು. ದೆಹಲಿಯ ಉಚ್ಚ ನ್ಯಾಯಾಲಯವು 2025ರ ಮಾರ್ಚ್ 28ರಂದು ಆ ವಿಧಿಯನ್ನು ಎತ್ತಿಹಿಡಿಯಿತು. ಅನ್ನದ ಬೆಲೆ ಒಂದು, ಉಪಚಾರದ ಬೆಲೆ ಇನ್ನೊಂದು. ಉಪಚಾರ ಕೆಟ್ಟಾಗ ಎರಡನೆಯದನ್ನು ತಡೆಹಿಡಿಯಲು ಮುಕ್ತದ್ವಾರವಿರುವಾಗ ಮೊದಲನೆಯದನ್ನು ಕದ್ದೊಯ್ಯುವುದಕ್ಕೆ ಪ್ರತಿಭಟನೆಯ ಹೆಸರೇಕೆ?

ಮತ್ತೊಂದು ವರ್ಗದವರ ವಾದ ನನ್ನನ್ನು ಇದಕ್ಕಿಂತ ಹೆಚ್ಚಾಗಿ ನೋಯಿಸಿದೆ. ಹಣ ನಿರಾಕರಣೆ ಸತ್ಯಾಗ್ರಹದ ಅಸ್ತ್ರ, ನಮ್ಮ ಹಿರಿಯರು ಸರ್ಕಾರಕ್ಕೇ ಕರವನ್ನು ನಿರಾಕರಿಸಲಿಲ್ಲವೆ, ಹೋಟೆಲಿನವನಿಗೆ ನಿರಾಕರಿಸಿದರೆ ತಪ್ಪೇನು ಎಂದು ಅವರು ಕೇಳುತ್ತಾರೆ. ಅಂಕೋಲೆ ಸಿದ್ದಾಪುರಗಳ ರೈತರ ಹೆಸರು ಇಂಥ ಪ್ರಸಂಗದಲ್ಲಿ ಬರುವುದನ್ನು ಸಹಿಸಿಕೊಂಡು ಸುಮ್ಮನಿರುವುದು ನನ್ನಿಂದಾಗದು. 1930ರಿಂದ ಮುಂದಿನ ಆ ವರ್ಷಗಳಲ್ಲಿ ಉತ್ತರ ಕನ್ನಡದ ಆ ಬೇಸಾಯಗಾರರು ಭೂಕಂದಾಯವನ್ನು ಕೊಡುವುದಿಲ್ಲವೆಂದು ಸರ್ಕಾರದ ಮುಖಕ್ಕೆ ಹೇಳಿದರು. ಹೇಳಿ ಎಲ್ಲಿಗೂ ಓಡಲಿಲ್ಲ. ಅವರ ಜಮೀನು ಜಪ್ತಿಯಾಯಿತು, ಹರಾಜಾಯಿತು. ಜಪ್ತಿಯಾದ ಆಸ್ತಿಯನ್ನು ಕೊಂಡವರ ಮನೆಯ ಮುಂದೆ ಮಾವಿನಗುಂಡಿಯಲ್ಲಿ ಹೆಂಗಸರು ಸತ್ಯಾಗ್ರಹ ಹೂಡಿ ಕುಳಿತರು. ಗಾಂಧೀಜಿಯವರು ಉಪ್ಪಿನ ಕಾನೂನನ್ನು ಮುರಿದದ್ದು 1930ರ ಏಪ್ರಿಲ್ 6ರಂದು. ಮುರಿಯುವ ಸಂಕಲ್ಪವನ್ನು ವೈಸರಾಯ್ ಅರ್ವಿನ್ನರಿಗೆ ಅವರು ಕಾಗದ ಬರೆದು ತಿಳಿಸಿದ್ದು ಮಾರ್ಚ್ 2ರಂದು. ಎದುರಾಳಿಗೆ ಮುಂಚಿತವಾಗಿ ತಿಳಿಸುವುದು, ತನ್ನ ಹೆಸರನ್ನು ಮರೆಸದಿರುವುದು, ಪರಿಣಾಮ ಬಂದಾಗ ಅಲ್ಲಿಯೇ ಇರುವುದು, ಇವು ಸತ್ಯಾಗ್ರಹದ ಅಲಂಕಾರಗಳಲ್ಲ, ಅದರ ಶರೀರವೇ ಇವು. ಬೆನ್ನು ತಿರುಗುವುದನ್ನು ಕಾದು ಬಾಗಿಲು ದಾಟುವವನಿಗೆ ಈ ಮೂರರಲ್ಲಿ ಒಂದೂ ಇಲ್ಲ. ಹಣವನ್ನು ಕೊಡದಿರುವುದೊಂದೇ ಸಾಮ್ಯವೆಂದು ಇಬ್ಬರನ್ನೂ ಒಂದು ಪಂಕ್ತಿಯಲ್ಲಿ ಕೂರಿಸುವ ವಿದ್ವಾಂಸರು, ಜಮೀನನ್ನು ಕಳೆದುಕೊಂಡ ಆ ಮನೆತನಗಳಿಗೆ ಮಾಡುವ ಅಪಚಾರ ಸಾಮಾನ್ಯವಾದದ್ದಲ್ಲ.

ಬಡಿಸುವ ತಾರತಮ್ಯದ ಮಾತೂ ಈ ಚರ್ಚೆಯಲ್ಲಿ ಬರುವುದುಂಟು. ಒಬ್ಬನಿಗೆ ಒಳಗೆ, ಇನ್ನೊಬ್ಬನಿಗೆ ಹೊರಗೆ ಎಲೆ ಹಾಕುತ್ತಿದ್ದ ಹೋಟೆಲುಗಳು ನಮ್ಮಲ್ಲಿದ್ದವು. ಬೇರೆ ಲೋಟದಲ್ಲಿ ಚಹ ಕೊಡುವ ಅಂಗಡಿಗಳೂ ಇದ್ದವು. ಆದರೆ ಅದನ್ನು ಕೆಟ್ಟ ಸೇವೆಯ ಲೆಕ್ಕಕ್ಕೆ ಸೇರಿಸುವುದೇ ಅನ್ಯಾಯ. ಅದು 1955ರಿಂದ ಶಿಕ್ಷಾರ್ಹವಾದ ಅಪರಾಧ. ಅದಕ್ಕೆ ಉತ್ತರ ಬಿಲ್ಲಿನಲ್ಲಿಲ್ಲ, ಪೊಲೀಸ್ ಠಾಣೆಯಲ್ಲಿದೆ.

ಪ್ರತಿಪಕ್ಷಕ್ಕೆ ಸಲ್ಲತಕ್ಕ ಮಾತನ್ನೂ ಸಲ್ಲಿಸೋಣ. ಅನೇಕ ಹೋಟೆಲುಗಳಲ್ಲಿ ಉಪಚಾರ ಅಕ್ಷಮ್ಯವಾಗಿ ಕೆಟ್ಟಿದೆ. ದೂರು ಹೇಳಿದವನನ್ನು ಗದರಿಸುವ ಮ್ಯಾನೇಜರುಗಳಿದ್ದಾರೆ. ನಾಲ್ಕು ಜನರ ಮುಂದೆ ದನಿಯೆತ್ತುವುದು ಸಂಕೋಚದ ಸ್ವಭಾವದವರಿಗೆ ಕಷ್ಟ. ಇದೆಲ್ಲ ನಿಜ. ಆದರೆ ಎದ್ದುಹೋದವನು ಯಾರಿಗೆ ಪೆಟ್ಟು ಕೊಟ್ಟನೆಂಬುದನ್ನು ವಿಚಾರಿಸಿದಾಗ ಈ ಸಹಾನುಭೂತಿ ಉಳಿಯುವುದಿಲ್ಲ. ಯಜಮಾನನು ಆ ಮೊತ್ತವನ್ನು ಮೇಜಿನ ಸಪ್ಲೈಯರಿನ ಲೆಕ್ಕಕ್ಕೆ ಬರೆದರೆ ಅವನ ಸಂಬಳದಲ್ಲಿ ಅದು ಮುರಿಯುತ್ತದೆ. ಕೆಲಸಗಾರನ ಅಲಕ್ಷ್ಯದಿಂದಲೇ ನಷ್ಟವಾಯಿತೆಂದು ತೋರಿದಾಗ ಮಾತ್ರ, ಅದೂ ಅವನ ಸಮಜಾಯಿಷಿಯನ್ನು ಕೇಳಿದ ಮೇಲೆ, ಹಾಗೆ ಮುರಿದುಕೊಳ್ಳಬಹುದೆಂಬ ನಿಯಮ 1936ರ ವೇತನ ಪಾವತಿ ಕಾಯಿದೆಯ ಕಾಲದಿಂದ ಇದೆ. ಬ್ರಿಟನ್ನಿನ 1996ರ ಕಾಯಿದೆ ಇಂಥ ಕಡಿತವನ್ನು ಸಂಬಳದ ಹತ್ತರಲ್ಲೊಂದು ಪಾಲಿಗೆ ಮಿತಗೊಳಿಸಿದೆ. ಆದರೆ ಊರು ಬಿಟ್ಟು ಬಂದು ಹೋಟೆಲಿನ ಮೇಲಟ್ಟದಲ್ಲಿ ಮಲಗುವ ಹುಡುಗನು ಕಾಯಿದೆಯ ಕಲಮನ್ನು ಹಿಡಿದು ಯಜಮಾನನೊಡನೆ ವಾದಿಸುವನೆ? ಅಡುಗೆಯವನು ತಪ್ಪಿದ್ದಕ್ಕೋ, ಯಜಮಾನನು ಆಳುಗಳನ್ನು ಸಾಕಷ್ಟು ಇಡದಿದ್ದಕ್ಕೋ, ಬಡಿಸಿದವನು ದಂಡ ತೆರಬೇಕಾಗುತ್ತದೆ.

ಎರಡನೆಯ ಪೆಟ್ಟು ಬೀಳುವುದು ಮುಂದಿನ ಗಿರಾಕಿಗೆ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದಂದಿನಿಂದ ನಿಂತು ತಿನ್ನುವ, ಮೊದಲೇ ಹಣ ಕೊಟ್ಟು ಟೋಕನ್ ಪಡೆಯುವ ಕ್ರಮ ನಮ್ಮಲ್ಲಿ ಹರಡಿತು. ಶೀಘ್ರತೆಯೂ ಅಗ್ಗದ ಬೆಲೆಯೂ ಅದರ ಹುಟ್ಟಿಗೆ ಕಾರಣ. ಅದರ ಉಪಕಾರವನ್ನು ನಾನು ಅಲ್ಲಗಳೆಯೆನು. ಆದರೆ ಮೊದಲೇ ಹಣ ಕೊಟ್ಟವನ ದೂರಿಗೆ ತೂಕ ಕಡಿಮೆ. ಅವನು ಬೇಡಬಲ್ಲನೇ ಹೊರತು ತಡೆಹಿಡಿಯಲಾರನು. ಉಂಡ ಮೇಲೆ ಹಣ ಕೊಡುವ ಪದ್ಧತಿ ಉಣ್ಣುವವನ ಕೈಯಲ್ಲಿರುವ ಒಂದೇ ಅಧಿಕಾರ. ಓಡಿಹೋಗುವ ಪ್ರತಿಯೊಬ್ಬನೂ ಹೋಟೆಲಿನವನಿಗೆ ಆ ಪದ್ಧತಿಯನ್ನು ಮುಚ್ಚಲು ಒಂದು ಸಕಾರಣವನ್ನು ಕೊಟ್ಟು ಹೋಗುತ್ತಾನೆ. ತನ್ನದಲ್ಲದ, ಎಲ್ಲರಿಗೂ ಸೇರಿದ ಆ ವಿಶ್ವಾಸವನ್ನು ಅವನು ತನ್ನ ಒಂದು ಹೊತ್ತಿನ ಸಿಟ್ಟಿಗೆ ವ್ಯಯಮಾಡುತ್ತಾನೆ.

ಕುಳಿತು ನಿರಾಕರಿಸುವವನನ್ನು ಇವನ ಪಕ್ಕದಲ್ಲಿಟ್ಟು ನೋಡಿ. ಅವನು ಮ್ಯಾನೇಜರನ್ನು ಕರೆಸುತ್ತಾನೆ. ಇಂಥ ಪದಾರ್ಥ ಹಳಸಿತ್ತು, ಇಷ್ಟು ಹೊತ್ತು ಕಾದೆ, ಇದರ ಬೆಲೆಯನ್ನು ಕೊಡಲೊಲ್ಲೆ, ಉಳಿದದ್ದು ಇಗೋ, ನನ್ನ ಹೆಸರು ವಿಳಾಸ ಬೇಕಾದರೆ ಬರೆದುಕೊಳ್ಳಿ ಎನ್ನುತ್ತಾನೆ. ಅವನ ಧ್ವನಿ ನಡುಗಬಹುದು. ಪಕ್ಕದ ಮೇಜಿನವರು ತಿರುಗಿ ನೋಡಬಹುದು. ಇಂಗ್ಲೆಂಡಿನ 1978ರ ಆ ಕಾಯಿದೆಯೂ ಇಂಥವನನ್ನು ಅಪರಾಧಿಯೆನ್ನದು, ಏಕೆಂದರೆ ಅಪ್ರಾಮಾಣಿಕತೆಯೂ ಹಣವನ್ನು ಶಾಶ್ವತವಾಗಿ ತಪ್ಪಿಸಿಕೊಳ್ಳುವ ಉದ್ದೇಶವೂ ಇಲ್ಲದೆ ಆ ಅಪರಾಧ ಪೂರ್ಣವಾಗದೆಂದು 1985ರಲ್ಲಿ ಅಲ್ಲಿಯ ಲಾರ್ಡರೇ ನಿರ್ಣಯಿಸಿದ್ದಾರೆ. ದೋಷವನ್ನು ಹೆಸರಿಸಿ, ಹೊಣೆಗಾರನನ್ನು ಎದುರಿಸಿ, ತನ್ನ ಮಾತಿಗೆ ತಾನು ನಿಂತ ಇವನಿಗೆ ಗೆಳೆಯರ ಕೂಟದಲ್ಲಿ ಭಲೆ ದೊರೆಯುವುದಿಲ್ಲ. ಗಲಾಟೆ ಮಾಡಿದನೆಂಬ ಮಾತು ಮಾತ್ರ ದೊರೆಯುತ್ತದೆ. ನಮ್ಮ ರುಚಿ ಇಷ್ಟರಮಟ್ಟಿಗೆ ತಲೆಕೆಳಗಾಗಿದೆ.

ಆದುದರಿಂದ ಓದುಗರಲ್ಲಿ ನನ್ನ ಬಿನ್ನಹ ಇಷ್ಟು. ಮುಂದಿನ ಬಾರಿ ಊಟ ಕೆಟ್ಟಾಗ, ತಟ್ಟೆ ಬರಿದಾಗುವ ಮೊದಲೇ ಹೇಳಿ. ಸಪ್ಲೈಯರಿಗಲ್ಲ, ಗಲ್ಲೆಯಲ್ಲಿ ಕುಳಿತವರಿಗೆ ಹೇಳಿ. ಸರ್ವಿಸ್ ಚಾರ್ಜನ್ನು ಬಿಲ್ಲಿನಿಂದ ತೆಗೆಸಿ, ಸಲ್ಲತಕ್ಕದ್ದನ್ನು ಸಲ್ಲಿಸಿ, ಚೀಟಿಯನ್ನು ಕೇಳಿ ಪಡೆಯಿರಿ. ಅವರು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.