ಕಲ್ಕುಡನ ಕೈ

ಕರಾವಳಿಯ ದೈವಗಳ ಚಿತ್ರ ಇಂದು ಎಲ್ಲೆಲ್ಲೂ ಇದೆ. ಹೋಟೆಲಿನ ಗೋಡೆಯಲ್ಲಿ, ಪುಸ್ತಕದ ಮುಖಪುಟದಲ್ಲಿ, ಕಾರಿನ ಹಿಂದಿನ ಗಾಜಿನಲ್ಲಿ. 2022ರಲ್ಲಿ ‘ಕಾಂತಾರ’ ಬಂದ ಮೇಲಂತೂ ತುಳುನಾಡನ್ನು ಕಾಣದವರಿಗೂ ಪಂಜುರ್ಲಿಯ ಹೆಸರು ಗೊತ್ತು. ನಮ್ಮ ನೆಲದ ಕಲೆಗೆ ಸಿಕ್ಕ ಈ ಮನ್ನಣೆಗೆ ಕರುಬಬೇಕಾಗಿಲ್ಲ. ಆದರೆ ಈ ಕಲೆಯ ಬಗ್ಗೆ ಬರೆಯುವಾಗ ನಾವು ಸಂಕೇತಗಳನ್ನು ಬಿಡಿಸುವುದರಲ್ಲೇ ತೃಪ್ತರಾಗುತ್ತೇವೆ. ಬೆಳೆ ತಿನ್ನುವ ಹಂದಿಯೇ ಬೆಳೆ ಕಾಯುವ ದೈವವಾಯಿತು ಎನ್ನುತ್ತೇವೆ. ಅದು ನಿಜವೂ ಹೌದು. ಆ ಸಂಕೇತ ಯಾವ ವಸ್ತುವಿನಿಂದ, ಯಾರ ಕೈಯಿಂದ ಆಯಿತು ಎಂಬ ಪ್ರಶ್ನೆ ಮಾತ್ರ ಹಿಂದೆ ಬೀಳುತ್ತದೆ.

ಸುಳ್ಯ ತಾಲೂಕಿನ ಅಜ್ಜಾವರದ ಸೀಮೆಯನ್ನೇ ನೋಡೋಣ. ಕೇರಳದ ಗಡಿಯ ಬಳಿಯ ಈ ಕಡೆ ತುಳು, ಅರೆಭಾಷೆ, ಮಲಯಾಳ, ಬ್ಯಾರಿ ಎಲ್ಲವೂ ಒಂದೇ ಅಂಗಡಿಯ ಜಗಲಿಯಲ್ಲಿ ಕೇಳಿಸುತ್ತವೆ. ಅಡಿಕೆ ತೋಟದಲ್ಲಿ ಬಿದ್ದ ಹಾಳೆ ಹಗಲಿನಲ್ಲಿ ದುಡಿಯುವವನ ತಲೆಯ ಮುಟ್ಟಾಳೆಯಾಗುತ್ತದೆ; ಕೋಲದ ರಾತ್ರಿ ಅದೇ ಹಾಳೆ ದೈವದ ಬೆನ್ನ ಹಿಂದೆ ಅಣಿಯಾಗಿ ಏಳುತ್ತದೆ. ತೆಂಗಿನ ಎಳೆಗರಿ ಸೊಂಟದ ಸಿರಿಯಾಗುತ್ತದೆ. ಮುಖಕ್ಕೆ ಅರದಾಳದ ಹಳದಿ, ಕಾಡಿಗೆಯ ಕಪ್ಪು, ಕಾಲಿಗೆ ಗಗ್ಗರ. ಲೋಹದ ಮೊಗ, ಗಗ್ಗರ, ಕತ್ತಿಗಳನ್ನು ಬಿಟ್ಟರೆ ಹೆಚ್ಚಿನದೆಲ್ಲ ಬೆಳಗಾಗುವಾಗ ಬಾಡಿರುತ್ತದೆ.

ಈ ಬಾಡುವಿಕೆ ಕಲೆಯ ಕೊರತೆಯಲ್ಲ. ಸುಳ್ಯ, ಪುತ್ತೂರಿನ ಕಡೆ ನಡೆಯುವ ಒತ್ತೆಕೋಲದಲ್ಲಿ ವಿಷ್ಣುಮೂರ್ತಿ ದೈವ ಕೆಂಡದ ರಾಶಿಯ ಮೇಲೆ ಮತ್ತೆ ಮತ್ತೆ ಬೀಳುತ್ತದೆ. ಕಟ್ಟಿದವನ ಮೈಗೂ ಕೆಂಡಕ್ಕೂ ನಡುವೆ ಇರುವುದು ದಪ್ಪನೆ ಸುತ್ತಿದ ಹಸಿ ಎಳೆಗರಿ. ಅಲ್ಲಿ ಹಸಿತನವೇ ರಕ್ಷೆ, ಹಸಿತನವೇ ಅಲಂಕಾರ. ನೀಲೇಶ್ವರದ ಕಡೆಯ ಪಾಲಂತಾಯಿ ಕಣ್ಣನ್ ಎಂಬ ಕೆಳಜಾತಿಯ ಯುವಕನನ್ನು ಊರ ದೊಡ್ಡವನೊಬ್ಬ ಕೊಂದನೆಂದೂ ಆ ಅನ್ಯಾಯಕ್ಕೆ ದೈವ ಸಿಡಿದೆದ್ದಿತೆಂದೂ ಕಥೆ. ಇದನ್ನು ತಿಳಿಯದೆ ನೋಡಿದವನಿಗೆ ಬೆಂಕಿ ಬರಿಯ ಚಮತ್ಕಾರವಾಗಿ ಕಾಣುತ್ತದೆ.

ಬಾಡದೆ ಉಳಿಯುವುದು ಮರದ ಉರುಗಳು. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಹಳೆಯ ಉರುಗಳು ದಿಲ್ಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಅವು ನೋಡಬೇಕಾದವೇ. ಆದರೆ ಅಲ್ಲಿ ಪಾಡ್ದನವಿಲ್ಲ, ತೆಂಬರೆಯ ಸದ್ದಿಲ್ಲ, ಅಣಿ ಕಟ್ಟಿದವನಿಲ್ಲ. ಮರ ಉಳಿಯಿತೆಂದು ಕಲೆಯೂ ಉಳಿಯಿತೆನ್ನಲಾಗದು.

ತುಳುವರ ಪಾಡ್ದನವೇ ಈ ಮಾತನ್ನು ನಮಗಿಂತ ಚೆನ್ನಾಗಿ ಹೇಳಿದೆ. ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ. ಅದನ್ನು ಕಡೆದ ಕಲ್ಕುಡ ಇಂಥದ್ದನ್ನು ಇನ್ನೊಂದು ಕಡೆ ಮಾಡದಿರಲೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದನಂತೆ. ತಂಗಿ ಕಲ್ಲುರ್ಟಿ ಸೇಡು ತೀರಿಸಿಕೊಂಡಳು, ಇಬ್ಬರೂ ದೈವಗಳಾದರು. ಕೃತಿಗೆ ಕೈಮುಗಿದು ಕೃತಿಕಾರನ ಕೈ ಕತ್ತರಿಸುವುದು ಅರಸನೊಬ್ಬನ ಕೆಲಸವಲ್ಲ. ಅಣಿಯ ಚೆಲುವನ್ನು ಹೊಗಳಿ ಅದನ್ನು ಕಟ್ಟಿದ ನಲಿಕೆ, ಪರವ, ಪಂಬದ, ಮಲಯರ ಬಗ್ಗೆ ಸೊಲ್ಲೆತ್ತದ ವಿಮರ್ಶೆಯೂ ಅದನ್ನೇ ಮಾಡುತ್ತದೆ.

ಕನ್ನಡದ ‘ಕಸುಬು’ ಅರಬಿಯ ‘ಕಸ್ಬ್’ನಿಂದ ಬಂದ ಮಾತು. ಅದರ ಅರ್ಥ ಗಳಿಕೆ. ಕಲೆ ಎಂದು ಎತ್ತರದಲ್ಲಿಟ್ಟರೆ ಸಾಲದು, ಕಟ್ಟುವವನ ಗಳಿಕೆಯನ್ನೂ ಕೇಳಬೇಕು. ರಾತ್ರಿ ಯಾರ ನುಡಿಗೆ ಗುತ್ತಿನ ಯಜಮಾನ ತಲೆಬಾಗುತ್ತಾನೋ, ಬಣ್ಣ ತೊಳೆದ ಮೇಲೆ ಅವನಿಗೆ ಆ ಮನೆಯ ಚಾವಡಿಯಲ್ಲಿ ಜಾಗವೆಲ್ಲಿ? 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಕೊಡುವುದಾಗಿ ಸರಕಾರ ಸಾರಿದ್ದು 2022ರ ಅಕ್ಟೋಬರಿನಲ್ಲಿ, ಸಿನಿಮಾ ಗೆದ್ದ ಮೇಲೆ.

ಸಂಪ್ರದಾಯವೆಂದ ಮಾತ್ರಕ್ಕೆ ಎಲ್ಲವೂ ಕಲೆಯಾಗುವುದಿಲ್ಲ. ಡೋಲು ಬಾರಿಸುವ, ಬುಟ್ಟಿ ಹೆಣೆಯುವ ಕೊರಗರ ಕೈಚಳಕ ದೊಡ್ಡದು. ಆದರೆ ಅವರನ್ನು ಹೀನಾಯವಾಗಿ ನಡೆಸಿಕೊಂಡ ಅಜಲು ಪದ್ಧತಿಯೂ ‘ಸಂಪ್ರದಾಯ’ದ ಹೆಸರಿನಲ್ಲೇ ಬಾಳಿತು, ಅದನ್ನು ನಿಷೇಧಿಸಲು 2000ದಲ್ಲಿ ಕಾನೂನೇ ಬರಬೇಕಾಯಿತು. ಡೋಲನ್ನು ಉಳಿಸುವುದೂ ಅಜಲನ್ನು ಅಳಿಸುವುದೂ ಒಂದೇ ಗೌರವದ ಎರಡು ಕೆಲಸಗಳು.

ಮುಸ್ಲಿಮರಾದ ನಾವು ದೈವಾರಾಧಕರಲ್ಲ. ಆದರೆ ಈ ಕಲೆಯ ಕಥೆಗಳಲ್ಲಿ ನಾವಿದ್ದೇವೆ. ಮೊಗವೀರರ ಬೊಬ್ಬರ್ಯ ಮುಸ್ಲಿಂ ವ್ಯಾಪಾರಿಯ ಮಗನೆಂದು ಹೇಳುತ್ತಾರೆ. ಕುಂಬಳೆಯ ಆರಿಕ್ಕಾಡಿಯಲ್ಲಿ ಆಲಿ ಭೂತವಿದೆ. ಕಾಸರಗೋಡು ಜಿಲ್ಲೆಯ ಮಾಲೋತ್‌ನಲ್ಲಿ ಮುಕ್ರಿ ಪೋಕ್ಕರ್ ತೆಯ್ಯಂ ನಮಾಝಿನ ಭಂಗಿಯಲ್ಲಿ ನಿಲ್ಲುತ್ತದೆ. ಇದನ್ನೆಲ್ಲ ‘ಸೌಹಾರ್ದ’ ಎಂಬ ಒಂದೇ ಚೀಟಿ ಅಂಟಿಸಿ ಮುಗಿಸಬಾರದು. ಆಲಿಯ ಕಥೆಯಲ್ಲಿ ಅವನು ಕೇಡು ಮಾಡಿ ಸಂಹಾರವಾದವನು. ಆದರೂ ಕೇಡಿಗನಿಗೂ ವೇಷ, ಹೆಸರು, ಕಾಣಿಕೆ ಕೊಟ್ಟು ಕಣದೊಳಗೆ ಕರೆದುಕೊಂಡ ಔದಾರ್ಯ ಈ ಕಲೆಯದು. ಬಪ್ಪ ಬ್ಯಾರಿಯ ಹೆಸರಿನೊಂದಿಗೆ ಬೆಸೆದ ಬಪ್ಪನಾಡಿನ ಜಾತ್ರೆಯಲ್ಲೇ 2022ರಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲವೆಂಬ ಬ್ಯಾನರು ಎದ್ದಾಗ ಸಣ್ಣದಾದದ್ದು ವ್ಯಾಪಾರಿಗಳ ಸಂತೆಯಷ್ಟೇ ಅಲ್ಲ, ಆ ಔದಾರ್ಯವೂ ಹೌದು.

ಪತ್ತನಾಜೆಗೆ ಗಗ್ಗರ ಬಿಚ್ಚಿದ ಮೇಲೆ ದೈವ ಕಟ್ಟುವವನಿಗೆ ಮುಂದಿನ ಕೋಲದವರೆಗೆ ಮಳೆಗಾಲ ಕಳೆಯಬೇಕಿದೆ. ಅವನ ಮನೆಯ ಒಲೆ, ಮಕ್ಕಳ ಶಾಲೆ, ಸುಟ್ಟ ಚರ್ಮದ ಮದ್ದು ಇವೂ ಈ ಕಲೆಯ ಸಾಮಗ್ರಿಗಳೇ. ಇನ್ನು ಮುಂದೆ ಅಣಿಯ ಬಗ್ಗೆ ಬರೆಯುವವರು ಮೊದಲ ಸಾಲಿನಲ್ಲಿ ಅದನ್ನು ಕಟ್ಟಿದವರು ಯಾರೆಂದು ಹೇಳಲಿ. ಸಂಕೇತದ ಮಾತು ಎರಡನೆಯ ಸಾಲಿಗೆ ಬರಲಿ.