ಕ್ಯಾರೊಲಿನ್ ಹರ್ಷೆಲ್‌ರ ಪತ್ರಗಳು

ಖಗೋಳಶಾಸ್ತ್ರಜ್ಞರ ಪತ್ರಗಳೆಂದೊಡನೆ ಬರಿಯ ಲೆಕ್ಕಾಚಾರವೆಂದು ಭಾವಿಸಬೇಡಿ. ಎಂಟು ಧೂಮಕೇತುಗಳನ್ನು ಕಂಡುಹಿಡಿದ ಕ್ಯಾರೊಲಿನ್ ಹರ್ಷೆಲ್ (1750–1848) ಅವರ ನೆನಪುಗಳನ್ನೂ ಪತ್ರಗಳನ್ನೂ ಸೋದರಳಿಯ ಜಾನ್ ಹರ್ಷೆಲ್‌ರ ಸೊಸೆ 1876ರಲ್ಲಿ ಪ್ರಕಟಿಸಿದರು.

1822ರಲ್ಲಿ ಅಣ್ಣ ವಿಲಿಯಂ ತೀರಿಕೊಂಡ ಮೇಲೆ ಕ್ಯಾರೊಲಿನ್ ಹುಟ್ಟೂರಾದ ಹ್ಯಾನೋವರಿಗೆ ಮರಳಿದರು. 1834ರಿಂದ 1838ರವರೆಗೆ ಜಾನ್ ದಕ್ಷಿಣ ಆಫ್ರಿಕದ ಕೇಪಿನಲ್ಲಿ ಆಕಾಶವನ್ನು ಶೋಧಿಸುತ್ತಿದ್ದಾಗ, ಎಂಬತ್ತು ದಾಟಿದ ಈ ಸೋದರತ್ತೆ ವೃಶ್ಚಿಕ ರಾಶಿಯ ಕಪ್ಪು ತಾಣವೊಂದನ್ನು ನೋಡೆಂದು ಬರೆದರು. ವಿಲಿಯಂ ಅದನ್ನು ಆಕಾಶದ ರಂಧ್ರವೆಂದು ಬಗೆದಿದ್ದರು. ನಕ್ಷತ್ರಗುಚ್ಛಗಳಿವೆ ಎಂಬ ಉತ್ತರದಿಂದ ಆಕೆಗೆ ತೃಪ್ತಿಯಾಗಲಿಲ್ಲ. ಹಿಂದಿನ ಬೆಳಕನ್ನು ಧೂಳಿನ ಮೋಡ ಮರೆಮಾಡಿದೆಯೆಂದು ಇಂದು ನಾವು ಬಲ್ಲೆವು.

ಇಂಥ ಪತ್ರಗಳಲ್ಲಿ ಗ್ರಂಥದ ಸೊಬಗಿದೆ. ಕೊರತೆಯೂ ಇದೆ. ಸಂಪಾದಕಿ ಸೋದರಭಕ್ತಿಯನ್ನೇ ಮುಂದಿಟ್ಟಿದ್ದಾರೆ. ಕ್ಯಾರೊಲಿನ್ನರೂ ತಮ್ಮನ್ನು ಅಣ್ಣನ ಕೈಯ ಉಪಕರಣವೆಂದೇ ಕರೆದುಕೊಂಡರು. ಆದರೆ 1787ರಿಂದ ಅರಸರು ವರ್ಷಕ್ಕೆ 50 ಪೌಂಡು ವೇತನವಿತ್ತದ್ದೂ, 1828ರಲ್ಲಿ ಲಂಡನ್ನಿನ ಖಗೋಳ ಸಂಘ ಚಿನ್ನದ ಪದಕ ನೀಡಿದ್ದೂ ಆಕೆಯ ಸ್ವಂತ ದುಡಿಮೆಗೆ. ವಿನಯವನ್ನು ಸಾಕ್ಷ್ಯವೆಂದು ಓದುವುದು ತಪ್ಪು.

1788ರಲ್ಲಿ ಅಣ್ಣನ ವಿವಾಹವಾಯಿತು. ಅನಂತರದ ಸುಮಾರು ಹತ್ತು ವರ್ಷಗಳ ದಿನಚರಿಯನ್ನು ಆಕೆಯೇ ನಾಶಪಡಿಸಿದರು. ಕುಟುಂಬದಲ್ಲಿ ಕಹಿ ಉಳಿಯಬಾರದೆಂದಿರಬಹುದು. ಧೂಮಕೇತುಗಳಲ್ಲಿ ಹೆಚ್ಚಿನವು ಕಂಡದ್ದು ಅದೇ ವರ್ಷಗಳಲ್ಲಿ! ವೃಶ್ಚಿಕದ ಆ ಕತ್ತಲೆಯಂತೆ ಈ ಮೌನವೂ ಬರಿದಲ್ಲ. ನಮ್ಮ ಮನೆಗಳಲ್ಲಿ, ‘ನಾನೇನು ಮಾಡಿದೆ’ ಎನ್ನುವ ಹಿರಿಯ ಹೆಂಗಸರ ಮಾತನ್ನು ನಾವು ಹಾಗೆಯೇ ನಂಬಿಬಿಡುತ್ತೇವಲ್ಲವೇ? ಅವರ ಹಳೆಯ ಪತ್ರಗಳನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಓದಿರಿ.