ಮನೆಯೊಳಗಿನ ಸಾಮಾಜಿಕ

ನಾಟಕವನ್ನು ನೋಡುವವನಿಗೆ ನಮ್ಮ ಆಲಂಕಾರಿಕರು ಕೊಟ್ಟ ಹೆಸರುಗಳಲ್ಲಿ ‘ಸಾಮಾಜಿಕ’ ಎಂಬುದು ಬಹು ಅರ್ಥವತ್ತಾದದ್ದು. ಸಮಾಜವೆಂದರೆ ಕೂಟ, ನೆರೆದ ಸಭೆ. ಅದರಲ್ಲಿ ಒಬ್ಬನಾಗಿ ಕುಳಿತವನು ಸಾಮಾಜಿಕ. ಅಭಿನವಗುಪ್ತನು ರಸಾಸ್ವಾದಕ್ಕೆ ಬರುವ ಏಳು ವಿಘ್ನಗಳನ್ನು ಎಣಿಸುತ್ತಾನಷ್ಟೆ. ನೋಡುವವನು ತನ್ನ ಸ್ವಂತ ಸುಖದುಃಖಗಳಲ್ಲಿ ಮುಳುಗಿರುವುದು ಅವುಗಳಲ್ಲೊಂದು. ಮಗಳ ಮದುವೆಯ ಚಿಂತೆ ತಲೆಯಲ್ಲಿರುವವನಿಗೆ ಶಕುಂತಲೆಯ ಗೋಳು ಹೇಗೆ ತಟ್ಟೀತು? ಈ ವಿಘ್ನವನ್ನು ಕಳೆಯುವುದಕ್ಕೆಂದೇ ರಂಗದಲ್ಲಿ ವಾದ್ಯ, ಗಾನ, ಚಿತ್ರವಿಚಿತ್ರವಾದ ಮಂಟಪ, ಚತುರೆಯರಾದ ಗಣಿಕೆಯರು ಇವೆಲ್ಲ ಇರುವುದೆಂದು ಅವನ ಸಮಾಧಾನ. ನೆರೆದವರೆಲ್ಲರ ಚಿತ್ತವೂ ಒಂದೇ ಕಡೆಗೆ ಹರಿದಾಗ ರಸವು ಇನ್ನಷ್ಟು ಪುಷ್ಟವಾಗುತ್ತದೆಂದೂ ಅವನು ಹೇಳುತ್ತಾನೆ. ತರಗತಿಯಲ್ಲಿ ಈ ಭಾಗ ಬಂದಾಗ ವಿದ್ಯಾರ್ಥಿಗಳು ಗಣಿಕೆಯರ ಮಾತಿಗೆ ನಕ್ಕು ಮುಂದಕ್ಕೆ ಹೋಗುತ್ತಾರೆ. ಆದರೆ ಇಲ್ಲಿ ಹೇಳಿರುವುದು ಕಟ್ಟಡದ ಸೊಗಸಿನ ಮಾತಷ್ಟೇ ಅಲ್ಲ. ಮನುಷ್ಯನನ್ನು ಅವನ ಮನೆಯಿಂದ ಎಬ್ಬಿಸಿ ತಂದು ಕೂರಿಸಿದಲ್ಲದೆ ಅವನು ರಸಿಕನಾಗಲಾರನೆಂಬ ತಿಳಿವಳಿಕೆ ಇದರ ಹಿಂದಿದೆ.

ಈಗ ಆ ಮನುಷ್ಯ ಮನೆಯಿಂದ ಏಳುವುದನ್ನು ಬಿಟ್ಟಿದ್ದಾನೆ. ಶನಿವಾರ ಮಧ್ಯಾಹ್ನದ ಊಟ ಮುಗಿಸಿ, ದಿಂಬನ್ನು ಗೋಡೆಗೆ ಒರಗಿಸಿ, ಭಾನುವಾರ ಸಂಜೆಯವರೆಗೆ ಒಂದರ ಮೇಲೊಂದು ಚಿತ್ರ ನೋಡುವುದು ಪಟ್ಟಣದಲ್ಲೂ ಹಳ್ಳಿಯಲ್ಲೂ ರೂಢಿಯಾಗಿಬಿಟ್ಟಿದೆ. ಟೆಂಟಿಲ್ಲ, ಸಾಲಿಲ್ಲ, ಚೀಟಿಯಿಲ್ಲ. ಬೇಸರವಾದರೆ ನಿಲ್ಲಿಸಬಹುದು, ಮರೆತರೆ ಹಿಂದಕ್ಕೆ ತಿರುಗಿಸಬಹುದು. ಇದನ್ನು ಸೋಮಾರಿತನವೆಂದು ಬಯ್ಯುವುದು ಸುಲಭ, ಬಯ್ಯುವವರಿಗೇನೂ ಕೊರತೆಯಿಲ್ಲ. ವಿಮರ್ಶಕನು ಕೇಳಬೇಕಾದ ಪ್ರಶ್ನೆ ಬೇರೆ. ಹೀಗೆ ನೋಡಿದಾಗ ಕೃತಿಗೆ ಏನಾಗುತ್ತದೆ? ಅದರಲ್ಲಿ ಯಾವುದು ಉಳಿಯುತ್ತದೆ, ಯಾವುದು ಸೋರಿಹೋಗುತ್ತದೆ?

ಆಷಾಢದ ಒಂದು ವಾರಾಂತ್ಯದಲ್ಲಿ ಇದನ್ನು ಪರೀಕ್ಷಿಸುವ ಅವಕಾಶ ನನಗೆ ಹೊನ್ನೆಮರಡಿನಲ್ಲಿ ದೊರೆಯಿತು. ಹೊನ್ನೆಮರಡು ಸಾಗರ ತಾಲ್ಲೂಕಿನಲ್ಲಿ ಲಿಂಗನಮಕ್ಕಿಯ ಹಿನ್ನೀರಿನ ಅಂಚಿಗಿರುವ ಸಣ್ಣ ಊರು. ಮಳೆಯಿಲ್ಲದ ತಿಂಗಳುಗಳಲ್ಲಿ ದೋಣಿಯಾಟಕ್ಕೆಂದು ದೂರದೂರುಗಳಿಂದ ಜನ ಬರುವುದುಂಟು. ಪುನರ್ವಸು ಮಳೆ ಹಿಡಿದ ಮೇಲೆ ಅಲ್ಲಿ ಊರಿನವರೂ ನೀರೂ ಮಾತ್ರ. ದೊಡ್ಡಮ್ಮನ ಮಗ, ನನಗೆ ಅಣ್ಣ, ಅಲ್ಲಿದ್ದಾನೆ. ಹೊರಗೆ ಕಾಲಿಡಲಾಗದ ಜಡಿಮಳೆ, ಒಳಗೆ ಹಲಸಿನ ಹಪ್ಪಳ, ಗೋಡೆಯ ಮೇಲೆ ದೊಡ್ಡ ಟಿ.ವಿ. ಆ ಎರಡು ದಿನ ನಾವು ನೋಡಿದ್ದು ಗಿರೀಶ ಕಾಸರವಳ್ಳಿಯವರ ಎರಡು ಚಿತ್ರಗಳನ್ನು: ‘ದ್ವೀಪ’ (2002) ಮತ್ತು ‘ಗುಲಾಬಿ ಟಾಕೀಸ್’ (2008). ಕಾಸರವಳ್ಳಿಯವರು ಇದೇ ಸೀಮೆಯವರು, ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು. ಎರಡೂ ಚಿತ್ರಗಳು ದ್ವೀಪದ ಕಥೆಗಳು, ಎರಡರಲ್ಲೂ ನಡುವೆ ಇರುವುದು ಒಬ್ಬ ಹೆಂಗಸು ಮತ್ತು ಅವಳ ಮನೆ. ಆದರೂ ಮನೆಯಲ್ಲಿ ನೋಡುವವನ ಎದುರಿಗೆ ಅವು ವರ್ತಿಸುವ ರೀತಿ ಒಂದಕ್ಕೊಂದು ತೀರ ವಿರುದ್ಧ.

‘ದ್ವೀಪ’ದ ಮೂಲ ನಾ. ಡಿಸೋಜ ಅವರ ಕಾದಂಬರಿ. ಡಿಸೋಜ ಸಾಗರದವರು, ಶರಾವತಿ ಯೋಜನೆಯಲ್ಲಿ ನೌಕರಿ ಮಾಡಿದವರು. 2025ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಮುಳುಗಡೆಯ ಜನರ ಸಂಗತಿಯನ್ನು ಅವರು ಮತ್ತೆ ಮತ್ತೆ ಬರೆಯುತ್ತಲೇ ಹೋದರು. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದು ಶರಾವತಿಯ ನೀರು ನಿಂತಾಗ ಊರುಗಳು ಮಾತ್ರವಲ್ಲ, ಹಿರೇಭಾಸ್ಕರದ ಹಳೆಯ ಅಣೆಕಟ್ಟೆಯೂ ಅದರಡಿಗೆ ಹೋಯಿತು. ಬಿಸಿಲು ಬಲವಾದ ವರ್ಷಗಳಲ್ಲಿ ಅದು ತಲೆಯೆತ್ತುತ್ತದೆ. ಜನ ನೋಡಿ ಬರುತ್ತಾರೆ. ಆ ನೀರು ಇಳಿದು ತಿರುಗಿಸುವ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಶಕ್ತಿ 1,035 ಮೆಗಾವಾಟ್. ಮುಳುಗಡೆಯ ಚಿತ್ರವನ್ನು ಮುಳುಗಡೆಯ ನೀರಿನ ಕರೆಂಟಿನಲ್ಲಿ ಆ ನೀರಿನ ದಡದಲ್ಲೇ ಕುಳಿತು ನೋಡುವುದೆಂದರೆ ಅಷ್ಟೇನೂ ನಿರಾಳವಾದ ವಿಷಯವಲ್ಲ. ಆ ಕರೆಂಟೂ ಶನಿವಾರ ಎರಡು ಸಲ ಹೋಯಿತೆನ್ನಿ.

ಕಥೆ ವಾಚಕರಿಗೆ ಗೊತ್ತಿರುವಂಥದೇ. ಸೀತಾಪರ್ವತವೆಂಬ ನಡುಗಡ್ಡೆ, ಅಲ್ಲಿಯ ದೇವಸ್ಥಾನದ ಪೂಜೆ ಮಾಡುವ ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ. ನೀರು ಏರುತ್ತದೆ, ಉಳಿದವರು ಪರಿಹಾರದ ಹಣ ಹಿಡಿದು ಹೊರಡುತ್ತಾರೆ, ಇವರು ಉಳಿಯುತ್ತಾರೆ. ಜಮೀನಿಗೆ ಬೆಲೆ ಕಟ್ಟುವ ಸರ್ಕಾರ, ದೇವರ ಹತ್ತಿರ ಬರುವ ಜನರ ನಂಬಿಕೆಗೂ ಅದರಿಂದ ಒಬ್ಬ ಮುದುಕನಿಗೆ ಬಂದ ಗೌರವಕ್ಕೂ ಬೆಲೆ ಕಟ್ಟಲಾರದು. ಅಲ್ಲಿಂದ ಮುಂದೆ ಚಿತ್ರದಲ್ಲಿ ‘ಘಟನೆ’ ಎನ್ನಿಸಿಕೊಳ್ಳುವುದು ಬಹಳ ಕಡಮೆ. ಮಳೆ ಹೊಯ್ಯುತ್ತದೆ, ನೀರು ಬರುತ್ತದೆ. ಛಾಯಾಗ್ರಾಹಕ ಎಚ್. ಎಂ. ರಾಮಚಂದ್ರ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಆ ಮಳೆ, ಮಲೆನಾಡಿನವರು ಕೂಡ ಹೌದೆಂದು ಒಪ್ಪುವ ಮಳೆ.

ಅಣ್ಣನ ಮಗ ಕಾಲೇಜಿಗೆ ಹೋಗುವ ಹುಡುಗ. ಅರ್ಧ ಗಂಟೆ ಸುಮ್ಮನಿದ್ದವನು ರಿಮೋಟನ್ನು ಕೈಗೆ ತೆಗೆದುಕೊಂಡ.

“ಇಲ್ಲೇನೂ ಆಗ್ತಾ ಇಲ್ಲವಲ್ಲ ಚಿಕ್ಕಪ್ಪ. ಸ್ವಲ್ಪ ಓಡಿಸಲಾ?”

ನಾನು ಉತ್ತರ ಕೊಡುವ ಮೊದಲೇ ದೊಡ್ಡಮ್ಮ ಮಾತನಾಡಿದರು. ಅವರಿಗೆ ಎಪ್ಪತ್ತು ದಾಟಿದೆ. ಹುಟ್ಟಿದ ಊರು ನೀರಿನೊಳಗಿದೆ. “ಓಡಿಸಬೇಡ ಅಪ್ಪೀ. ನೀರು ಹಾಗೇ ಬರೋದು. ಸದ್ದೇ ಇರಲ್ಲ. ಬೆಳಿಗ್ಗೆ ಎದ್ದು ನೋಡಿದರೆ ನಿನ್ನೆ ಇದ್ದ ಕಲ್ಲು ಇವತ್ತು ಇರ್ತಿರಲಿಲ್ಲ, ಅಷ್ಟೆ.”

ಈ ಚಿತ್ರವನ್ನು ಕುರಿತು ನಾನು ಓದಿರುವ ವಿಮರ್ಶೆಗಳಲ್ಲಿ ಇದಕ್ಕಿಂತ ನೇರವಾದ ಮಾತು ಸಿಕ್ಕಿಲ್ಲ. ‘ದ್ವೀಪ’ದಲ್ಲಿ ಕಾಲವೇ ವಸ್ತು. ಕಾಯುವುದು ಎಂಬ ಅನುಭವವನ್ನು ಅದು ಕಾಯಿಸಿಯೇ ಕೊಡಬೇಕು; ಬೇರೆ ದಾರಿಯಿಲ್ಲ. ಕಾದಂಬರಿಯನ್ನು ಓದುವಾಗ ನಾವು ಪುಟದ ನಡುವೆ ಬೆರಳಿಟ್ಟು ಕಾಫಿಗೆ ಎದ್ದು ಹೋಗಬಹುದು. ವಾಕ್ಯ ನಮಗಾಗಿ ಕಾದಿರುತ್ತದೆ. ಇಂಥ ಚಿತ್ರವನ್ನು ಹಾಗೆ ನಿಲ್ಲಿಸಿದರೆ ಏರುತ್ತಿರುವ ನೀರನ್ನೇ ನಿಲ್ಲಿಸಿದಂತಾಯಿತು. ನಾಗಿಗೆ ಇಲ್ಲದ ಅಧಿಕಾರ ನೋಡುವವನ ಕೈಯಲ್ಲಿರುತ್ತದೆ. ಥಿಯೇಟರಿನ ಕತ್ತಲೆಯಲ್ಲಿ ಅವಳೂ ನಾವೂ ಸಮಾನರಾಗಿ ಅಸಹಾಯಕರು. ಮನೆಯಲ್ಲಿ ನಾವು ಕಟ್ಟೆಯ ಬಾಗಿಲು ತೆಗೆದು ಹಾಕುವ ಎಂಜಿನಿಯರರು. ಮನೆಯ ತೆರೆಯಿಂದ ಕೃತಿಗೆ ಆಗುವ ನಷ್ಟವೆಂದರೆ ನನ್ನ ಮಟ್ಟಿಗೆ ಇದೇ. ತೆರೆ ಸಣ್ಣದು, ಬಣ್ಣ ಮಂಕು ಎಂಬ ದೂರುಗಳೆಲ್ಲ ಇದರ ಮುಂದೆ ಕ್ಷುಲ್ಲಕ.

ನಾಗಿಯ ಪಾತ್ರವನ್ನು ಸೌಂದರ್ಯ ಮಾಡಿದ್ದಾರೆ, ನಿರ್ಮಾಪಕಿಯೂ ಅವರೇ. ಚಿತ್ರಕ್ಕೆ ಸ್ವರ್ಣಕಮಲ ಬಂತು. ಅವರು 2004ರ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರೆಂಬುದನ್ನು ಬಲ್ಲ ನಮಗೆ ಆ ಮುಖದ ಉತ್ಸಾಹವನ್ನು ನೋಡುವುದೇ ಒಂದು ಬಗೆಯ ಕಷ್ಟ. ದುಗ್ಗಜ್ಜನಾಗಿ ಎಂ. ವಿ. ವಾಸುದೇವರಾವ್ ಇದ್ದಾರೆ, ‘ಚೋಮನ ದುಡಿ’ಯ ಚೋಮ. ಗಣಪನಾದ ಅವಿನಾಶ್ ಅವರದು ಹೆಚ್ಚು ಕಠಿಣವಾದ ಕೆಲಸ. ದುಷ್ಟನಲ್ಲದ, ದೊಡ್ಡವನೂ ಅಲ್ಲದ ಗಂಡನನ್ನು ಅವರು ಎಲ್ಲಿಯೂ ಕುಗ್ಗಿಸದೆ ನಿಲ್ಲಿಸಿದ್ದಾರೆ. ನಾಗಿಯ ತವರಿನ ಕಡೆಯ ಕೃಷ್ಣನ ಪ್ರವೇಶ ಮಾತ್ರ ನನಗೆ ಇಂದಿಗೂ ಪೂರ್ತಿ ಒಪ್ಪಿಗೆಯಿಲ್ಲ. ನೀರು ತಾನಾಗಿಯೇ ತರುತ್ತಿದ್ದ ಬಿರುಕನ್ನು ತರಲು ಒಬ್ಬ ಮನುಷ್ಯನನ್ನು ಕಳಿಸಿದಂತೆ ಅದು ಕಾಣುತ್ತದೆ. ಆದರೆ ಅವನು ಹೋದ ಮೇಲೆ ಬರುವ ಭಾಗ ಕನ್ನಡ ಚಿತ್ರಗಳ ಶ್ರೇಷ್ಠ ಭಾಗಗಳಲ್ಲೊಂದು. ಮಳೆಯೊಡನೆ ಸೆಣಸಿ ಮನೆಯನ್ನು ಉಳಿಸಿಕೊಳ್ಳುವವಳು ನಾಗಿ. ಮಳೆ ನಿಂತು ಬೆಳಕು ಬಂದಾಗ ಗಣಪ ಕೈಮುಗಿಯುವುದು ದೇವರಿಗೆ. ಅವಳ ಮುಖ ಆಗ ಬೀಳುತ್ತದಲ್ಲ, ಅದಕ್ಕೆ ಮಾತಿಲ್ಲ.

ಭಾನುವಾರ ‘ಗುಲಾಬಿ ಟಾಕೀಸ್’. ಇದರ ಮೂಲ ವೈದೇಹಿಯವರ ಸಣ್ಣಕಥೆ. ಕಥೆಯಲ್ಲಿ ಊರಿಗೆ ಟಾಕೀಸು ಬರುತ್ತದೆ. ಸೂಲಗಿತ್ತಿಯೊಬ್ಬಳು ಹೆಂಗಸರ ಕಡೆಯ ಗೇಟು ಕಾಯುವವಳಾಗುತ್ತಾಳೆ. ಮನೆಗಳಿಂದ ಹೊರಬೀಳದ ಹೆಂಗಸರನ್ನು ಹೊರಗೆ ತರುವ ಶಕ್ತಿ ಅಲ್ಲಿ ಟಾಕೀಸಿನದು. ಚಿತ್ರದಲ್ಲಿ ಕಾಸರವಳ್ಳಿಯವರು ಟಾಕೀಸನ್ನೇ ತೆಗೆದುಹಾಕಿದ್ದಾರೆ! ಕಾಲವನ್ನು 1999ರ ಕಾರ್ಗಿಲ್ ಯುದ್ಧದ ಸುಮಾರಿಗೆ ತಂದು, ಸ್ಥಳವನ್ನು ಕುಂದಾಪುರದ ಕಡೆಯ ಮೀನುಗಾರರ ದ್ವೀಪವಾಗಿಸಿ, ಗುಲಾಬಿಯನ್ನು ಅಲ್ಲಿಯ ಕೆಲವೇ ಮುಸ್ಲಿಮರಲ್ಲಿ ಒಬ್ಬಳನ್ನಾಗಿ ಮಾಡಿ, ಅವಳ ಗುಡಿಸಲಿಗೆ ಡಿಶ್ ಸಹಿತ ಬಣ್ಣದ ಟಿ.ವಿ. ಕೊಡಿಸಿದ್ದಾರೆ, ಹೆರಿಗೆ ಮಾಡಿಸಿದ್ದಕ್ಕೆ ಒಂದು ಮನೆಯವರು ಕೊಟ್ಟ ಉಡುಗೊರೆ ಅದು. ಮೂಲಕ್ಕೆ ದ್ರೋಹವಾಯಿತೆಂದು ಆಕ್ಷೇಪಿಸುವ ಸಾಹಿತ್ಯಪ್ರಿಯರುಂಟು. ನನಗೆ ಹಾಗೆ ತೋರುವುದಿಲ್ಲ. ವೈದೇಹಿಯವರು ಕೇಳಿದ ಪ್ರಶ್ನೆ, ಹೆಂಗಸು ತೆರೆಯ ಬಳಿಗೆ ಹೋದರೆ ಏನಾಗುತ್ತದೆ ಎಂಬುದು. ಕಾಸರವಳ್ಳಿಯವರದು, ತೆರೆಯೇ ಹೆಂಗಸಿನ ಬಳಿಗೆ ಬಂದರೆ ಏನಾಗುತ್ತದೆ ಎಂಬುದು. ಎರಡನೆಯದು ನಮ್ಮ ಕಾಲದ ಪ್ರಶ್ನೆ. ಅದನ್ನು ಕೇಳಲು ಮೊದಲನೆಯದನ್ನು ಅವರು ಮುರಿಯಲೇಬೇಕಾಗಿತ್ತು.

ಮನೆಯಲ್ಲಿ ಕುಳಿತು ನೋಡಿದಾಗ ಈ ಚಿತ್ರ ಏನನ್ನೂ ಕಳೆದುಕೊಳ್ಳುವುದಿಲ್ಲ. ಒಂದಿಷ್ಟು ಗಳಿಸುತ್ತದೆ ಕೂಡ. ಏಕೆಂದರೆ ಅದು ತೋರಿಸುವುದು ನಾವು ಮಾಡುತ್ತಿರುವುದನ್ನೇ. ಗಂಡಸರು ಕಡಲಿಗೆ ಹೋದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಗುಲಾಬಿಯ ಮನೆಗೆ ಬರುತ್ತಾರೆ. ಕೆಲವರು ಒಳಗೆ ಕೂರುತ್ತಾರೆ. ಕೆಲವರು ಮುಸ್ಲಿಮಳ ಮನೆಯೆಂದು ಹೊರಗೇ ನಿಂತು ನೋಡುತ್ತಾರೆ. ಕೆಲವರು ಬರುವುದೇ ಇಲ್ಲ. ಗಂಡ ದೂರವಿರುವ, ಅತ್ತೆಯ ಕಾಟದ ನೇತ್ರು ಅಲ್ಲಿ ಮನಸ್ಸು ಬಿಚ್ಚುತ್ತಾಳೆ. ಅಭಿನವಗುಪ್ತನ ಮಂಟಪವಿಲ್ಲ, ವಾದ್ಯವಿಲ್ಲ. ಆದರೂ ಆ ಗುಡಿಸಲಲ್ಲಿ ಇರುವವರು ಸಾಮಾಜಿಕರೇ. ಮನೆಯಲ್ಲಿ ಚಿತ್ರ ನೋಡುವುದೆಂದರೆ ಒಂಟಿಯಾಗಿ ನೋಡುವುದೆಂದೇ ಆಗಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಾಗಿಲ್ಲ. ಯಾರದೋ ಮನೆಗೆ ಹೋಗಿ, ಅವರ ಚಾಪೆಯ ಮೇಲೆ ಕೂತು, ಅವರ ಮಾತನ್ನು ಕೇಳಿಸಿಕೊಂಡು ನೋಡಿದ ದಿನಗಳನ್ನು ನನ್ನ ವಯಸ್ಸಿನವರೆಲ್ಲ ಬಲ್ಲರು. ಇಂದು ಅಣ್ಣನ ಮನೆಯಲ್ಲಿರುವವರು ಐವರು, ತೆರೆಗಳು ಆರು.

ಚಿತ್ರದ ಉತ್ತರಾರ್ಧ ಪೂರ್ವಾರ್ಧದಷ್ಟು ಸಹಜವಾಗಿಲ್ಲ. ಯಾಂತ್ರಿಕ ದೋಣಿಗಳ ಪೈಪೋಟಿ, ಯುದ್ಧದ ಸುದ್ದಿ, ಮತದ್ವೇಷ, ನೇತ್ರು ಕಾಣೆಯಾಗುವುದು ಇವೆಲ್ಲ ಒಟ್ಟಿಗೆ ಗುಲಾಬಿಯ ಹೆಗಲಿಗೆ ಬೀಳುತ್ತವೆ. ಕಥೆಯ ಹೆಂಗಸು ಕೆಲವು ಕಡೆ ವಾದದ ಹೆಂಗಸಾಗುತ್ತಾಳೆ. ಅದನ್ನು ತಡೆಯುವುದು ಉಮಾಶ್ರೀಯವರ ದೇಹ. ಅವರು ಕುಕ್ಕರುಗಾಲಲ್ಲಿ ಕುಳಿತು ತೆರೆಯನ್ನು ನೋಡುವ ಒಂದು ಭಂಗಿಯಲ್ಲಿ ವಾದಗಳೆಲ್ಲ ಕರಗಿಹೋಗುತ್ತವೆ. ಇನ್ನೊಂದು ಮದುವೆಯಾಗಿ ದೂರವಾದ ಗಂಡ ಮೂಸನ ಪಾತ್ರದಲ್ಲಿ ತುಮರಿಯ ಕಿನ್ನರ ಮೇಳದ ಕೆ. ಜಿ. ಕೃಷ್ಣಮೂರ್ತಿಯವರಿದ್ದಾರೆ. ಅವರನ್ನು ಕಂಡೊಡನೆ ನಮ್ಮ ಮನೆಯಲ್ಲಿ ಒಂದು ಗದ್ದಲವೇ ಎದ್ದಿತು. ತುಮರಿ ಇದೇ ಹಿನ್ನೀರಿನ ಆಚೆಯದು. 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೂ ಲಾಂಚಿಗೆ ಕಾದು ದಾಟಬೇಕಾಗಿದ್ದ ಊರು.

ಕೊನೆಯ ದೃಶ್ಯವನ್ನು ಹೇಳದೆ ಬಿಡಲಾಗದು. ಗುಲಾಬಿಯ ಮನೆಯನ್ನು ಹಾಳುಗೆಡವಿ, ಅವಳನ್ನು ಬಲವಂತವಾಗಿ ದೋಣಿ ಹತ್ತಿಸಿ ದ್ವೀಪದಿಂದ ಕಳಿಸಿದ್ದಾಗಿದೆ. ಟಿ.ವಿ. ಅಲ್ಲೇ ಇರುತ್ತದೆಂದು ಊರಿನ ಹುಡುಗರು ಭರವಸೆ ಕೊಡುತ್ತಾರೆ. ಈವರೆಗೆ ಆ ಮನೆಯ ಹೊಸ್ತಿಲು ತುಳಿಯದಿದ್ದ ಇಬ್ಬರು ಮುದುಕಿಯರು ಈಗ ಒಳಗೆ ಹೋಗುತ್ತಾರೆ, ಟಿ.ವಿ. ನೋಡಲು. ಯಜಮಾನಿ ಇಲ್ಲ, ತೆರೆ ಇದೆ. ಹುಡುಗ ಅಲ್ಲಿ ರಿಮೋಟನ್ನು ಮುಟ್ಟಲಿಲ್ಲ.

ಹೊನ್ನೆಮರಡಿನಿಂದ ಬಹಳ ದೂರವಿಲ್ಲದ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರೂ ಗೆಳೆಯರೂ 1973ರಲ್ಲಿ ನೀನಾಸಂ ಚಿತ್ರಸಮಾಜವನ್ನು ಕಟ್ಟಿದರು. ಅಡಿಕೆ ತೋಟದ ಜನ ಕುಳಿತು ಲೋಕದ ದೊಡ್ಡ ಚಿತ್ರಗಳನ್ನು ನೋಡಿದರು. ನೋಡಿದ ಮೇಲೆ ಚರ್ಚೆ ಮಾಡಿದರು. ಅದನ್ನು ಹೊಗಳುವವರು ಚಿತ್ರಗಳ ಪಟ್ಟಿಯನ್ನು ಹೊಗಳುತ್ತಾರೆ. ಹೆಸರಿನಲ್ಲಿರುವ ‘ಸಮಾಜ’ ಎಂಬ ಶಬ್ದಕ್ಕೆ ಅಷ್ಟು ಗಮನ ಬಂದಿಲ್ಲ. ಆ ಪಟ್ಟಿಯಲ್ಲಿರಬಹುದಾದ ಯಾವ ಚಿತ್ರವೂ ಇಂದು ಹುಡುಗನ ಕೈಗೆ ಎಟುಕದ್ದಲ್ಲ. ನೋಡಿದ ಮೇಲೆ ಯಾರೊಡನೆ ಮಾತಾಡುವುದೆಂಬುದು ಅವನ ಕೈಯಲ್ಲಿಲ್ಲ. ದೊಡ್ಡಮ್ಮ ಪಕ್ಕದಲ್ಲಿ ಕುಳಿತಿರದಿದ್ದರೆ ‘ದ್ವೀಪ’ದ ನೀರು ಅವನಿಗೆ ಒಂದೂವರೆ ಪಟ್ಟು ವೇಗದಲ್ಲಿ ಏರುತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸಂಗತಿ ಉಳಿಯಿತು. ಮನೆಯಲ್ಲಿ ಸೋಮಾರಿಯಾಗಿ ಚಿತ್ರ ನೋಡುವುದೆಂಬ ಸುಖಕ್ಕೆ ಯಾರೋ ಒಬ್ಬರು ಸೋಮಾರಿಯಾಗದೆ ಇರಬೇಕಾಗುತ್ತದೆ. ಆ ಎರಡು ದಿನ ಹಪ್ಪಳ ಸುಟ್ಟವರು, ಕಾಫಿ ಬಸಿದವರು, ಒದ್ದೆ ಬಟ್ಟೆಯನ್ನು ಹೊಡಸಲಿನ ಮೇಲೆ ಒಣಗಿಸಿದವರು ಅತ್ತಿಗೆ. ಅವರು ಎರಡು ಚಿತ್ರಗಳನ್ನೂ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತು ನೋಡಿದರು, ಗುಲಾಬಿಯ ಮನೆಯ ಹೊರಗೆ ನಿಂತ ಹೆಂಗಸರಂತೆ. ಇಲ್ಲಿ ಮನೆ ಮಾತ್ರ ಅವರದೇ. ಗಣಪ ದೇವರಿಗೆ ಕೈಮುಗಿದಾಗ ಜಗಲಿಯಲ್ಲಿದ್ದ ಗಂಡಸರು ಛಾಯಾಗ್ರಹಣದ ಬಗ್ಗೆ ಮಾತಾಡುತ್ತಿದ್ದೆವು. ಅತ್ತಿಗೆ “ಅವಳು ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ” ಎಂದಷ್ಟೇ ಹೇಳಿ ಒಳಗೆ ಹೋದರು. ‘ಗುಲಾಬಿ ಟಾಕೀಸ್’ನ ಕೊನೆಯ ಅರ್ಧ ಗಂಟೆ ಅವರಿಗೆ ಇನ್ನೂ ಬಾಕಿಯಿದೆ. ಮುಂದಿನ ಸಲ ಬಂದಾಗ ಮತ್ತೆ ಹಾಕಬೇಕಂತೆ, ಮೊದಲಿಂದ.